ನವರಾತ್ರಿಗೆ ಇನ್ನು ಮೂರೇ ವಾರ, ಮನೆ ತುಂಬಾ ಚಿಗಟ. ಏನು ಮಾಡಲಿ?

ಸರಸ್ವತಿಪುರಂ_ಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ತಿಂಗಳಿಂದ ತಲೆ ಕೆಟ್ಟು ಹೋಗಿದೆ.

ಮೈಸೂರಿನಲ್ಲಿ ನಮ್ಮದು ಹಳೇ ಮನೆ. ರೆಡ್ ಆಕ್ಸೈಡ್ ನೆಲ, ಅಲ್ಲಲ್ಲಿ ಬಿರುಕು ಬಿಟ್ಟಿದೆ. ನಾನು, ನಮ್ಮ ಯಜಮಾನರು, ಅತ್ತೆ, ಎರಡನೇ ಕ್ಲಾಸು ಓದುವ ಮಗಳು. ಜೊತೆಗೆ ಬೋಂಡ ಅಂತ ಒಂದು ನಾಟಿ ನಾಯಿ, ಮಿಂಚು ಅಂತ ಒಂದು ಬೆಕ್ಕು. ಆಷಾಢದ ಜಡಿ ಮಳೆ ಶುರುವಾದಾಗ ಬೋಂಡ ಬಾಲದ ಬುಡ ಕಚ್ಚಿ ಕಚ್ಚಿ ಕೂದಲೆಲ್ಲ ಉದುರಿಸಿಕೊಂಡ. ಉಣ್ಣೆ ಇರಬೇಕು ಅಂತ ಹುಡುಕಿದರೆ ಉಣ್ಣೆ ಅಲ್ಲ, ಚಿಗಟ. ಕೂದಲು ಬಿಡಿಸಿದ ತಕ್ಷಣ ಓಡುತ್ತವೆ, ಹಿಡಿಯಲು ಹೋದರೆ ಟಪ್ ಅಂತ ಎಗರುತ್ತವೆ.

ಅವತ್ತಿನಿಂದ ಮಾಡದೆ ಇರುವ ಕೆಲಸ ಇಲ್ಲ. ವಾರಕ್ಕೊಂದು ಸಲ ಚಿಗಟದ ಶಾಂಪೂ ಹಾಕಿ ಸ್ನಾನ. ಪೌಡರ್. ಡಾಕ್ಟ್ರು ಕೊಟ್ಟ ಕತ್ತಿನ ಹಿಂದೆ ಬಿಡುವ ಡ್ರಾಪ್ಸ್ ಒಂದು ಸಲ ಹಾಕಿದೆವು. ಪೆಸ್ಟ್ ಕಂಟ್ರೋಲ್‌ನವನು ಬಂದು ಗೋಡೆ ಅಂಚಿಗೆಲ್ಲ ಹೊಡೆದು 2,500 ರೂಪಾಯಿ ತೆಗೆದುಕೊಂಡು ಹೋದ. ಒಂದು ವಾರ ಆರಾಮ, ಮತ್ತೆ ಅದೇ ಕಥೆ. ಮಿಂಚು ಮೈಮೇಲೆ ಒಂದೂ ಕಾಣಿಸಲಿಲ್ಲ, ಹಾಗಾಗಿ ಅವಳಿಗೆ ಏನೂ ಹಾಕಿಲ್ಲ.

ಗೌರಿ ಹಬ್ಬಕ್ಕೆ ಬೋಂಡನನ್ನೂ ಕಟ್ಟಿಕೊಂಡು ಪಾಂಡವಪುರಕ್ಕೆ ನನ್ನ ತವರಿಗೆ ಹೋಗಿದ್ದೆವು. ಒಂಬತ್ತು ದಿನ ಮನೆಗೆ ಬೀಗ. ಮಿಂಚುಗೆ ಪಕ್ಕದ ಮನೆ ಆಂಟಿ ಅವರ ಹಿತ್ತಲಲ್ಲೇ ಊಟ ಹಾಕುತ್ತಿದ್ದರು. ನಾಯಿ ಇಲ್ಲ, ಬೆಕ್ಕು ಇಲ್ಲ, ಜನ ಇಲ್ಲ, ಹಸಿವಿನಿಂದ ಎಲ್ಲಾ ಸತ್ತಿರುತ್ತವೆ ಅಂತ ಖುಷಿಯಲ್ಲಿ ವಾಪಸ್ ಬಂದೆವು. ಬಾಗಿಲು ತೆಗೆದು ಎರಡು ನಿಮಿಷ ಆಗಿಲ್ಲ, ಮಗಳ ಬಿಳೀ ಸಾಕ್ಸ್ ಮೇಲೆ ಕಪ್ಪು ಚುಕ್ಕೆ ಚುಕ್ಕೆ. ಅವಳು ಕಿರುಚಿದ್ದು ಬೀದಿಗೆಲ್ಲ ಕೇಳಿಸಿರಬೇಕು.

ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ, ದಸರಾಗೆ ಹತ್ತು ಜನ ನೆಂಟರು ಬರುತ್ತಾರೆ, ನೆಲದ ಮೇಲೇ ಹಾಸಿಗೆ ಹಾಕಬೇಕು. ಅತ್ತೆ ಬೋಂಡನನ್ನು ಪಾಂಡವಪುರದ ತೋಟಕ್ಕೆ ಬಿಟ್ಟು ಬನ್ನಿ ಅಂತ ಹಟ ಹಿಡಿದಿದ್ದಾರೆ. ಮಗಳು ಊಟ ಬಿಟ್ಟಿದ್ದಾಳೆ. ಅವನನ್ನು ಕಳಿಸಿದರೆ ನಿಜವಾಗಲೂ ಹೋಗುತ್ತಾ? ಬೇರೆ ದಾರಿ ಇದೆಯಾ?


ಮದ್ದೂರ್_ವಡೆ:

ಅಕ್ಕ, ಇದಕ್ಕೆಲ್ಲ ಡಾಕ್ಟ್ರು ಯಾಕೆ? ಬೇವಿನ ಸೊಪ್ಪಿನ ಹೊಗೆ ಹಾಕಿ, ಮೂಲೆ ಮೂಲೆಗೆ ಸುಣ್ಣದ ಪುಡಿ ಉದುರಿಸಿ, ಸೋಫಾ ಸಂದಿಗೆ ನುಸಿ ಗುಳಿಗೆ ಇಡಿ. ನಮ್ಮಜ್ಜಿ ಹೀಗೇ ಮಾಡುತ್ತಿದ್ದರು. ಎರಡು ದಿನದಲ್ಲಿ ಕ್ಲೀನ್.


ಹಳೇ_ಕಾಂಪೌಂಡರ್:

ನುಸಿ ಗುಳಿಗೆ ದಯವಿಟ್ಟು ಬೇಡ. ಅದು ನಾಯಿ ಬೆಕ್ಕಿಗೆ ವಿಷ, ಮಕ್ಕಳಿರುವ ಮನೆ ಬೇರೆ. ಸುಣ್ಣದ ಪುಡಿ ತುಳಿದರೆ ಪಾದ ಸುಡುತ್ತೆ, ಆಮೇಲೆ ಪಾದ ನೆಕ್ಕಿದರೆ ನಾಲಿಗೆಯೂ ಸುಡುತ್ತೆ. ಹೊಗೆ ಹಾಕಿದರೆ ಮೊದಲು ಆಚೆ ಓಡುವುದು ಮನೆಯವರು, ಚಿಗಟ ಅಲ್ಲ.

ನೋಡಿ ತಾಯಿ, ನಾನು ಡಾಕ್ಟ್ರಲ್ಲ. ಪಶು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ನಾಯಿಗಳ ಬಾಯಿ ಹಿಡಿದುಕೊಂಡು ನಿಂತವನು. ಕೇಳಿ ಕಲಿತಿದ್ದು, ಕಚ್ಚಿಸಿಕೊಂಡು ಕಲಿತಿದ್ದು ಹೇಳುತ್ತೇನೆ.

ನೀವು ಕಣ್ಣಲ್ಲಿ ನೋಡುತ್ತಿರುವ ಚಿಗಟ ನೂರಕ್ಕೆ ಐದೋ ಏನೋ. ಮಿಕ್ಕಿದ್ದೆಲ್ಲ ಮೊಟ್ಟೆ, ಮರಿಹುಳ, ಗೂಡು ಆಗಿ ಮನೆಯಲ್ಲೇ ಬಿದ್ದಿದೆ. ಒಂದು ಹೆಣ್ಣು ಚಿಗಟ ರಕ್ತ ಕುಡಿದ ಒಂದೆರಡು ದಿನಕ್ಕೇ ಮೊಟ್ಟೆ ಇಡಲು ಶುರು ಮಾಡುತ್ತೆ, ದಿನಕ್ಕೆ 40-50 ತನಕ ಇಡುತ್ತೆ. ಆ ಮೊಟ್ಟೆ ಕೂದಲಿಗೆ ಅಂಟಿಕೊಳ್ಳುವುದಿಲ್ಲ, ಹೇನಿನ ಸೀರು ಅಂಟಿಕೊಳ್ಳುತ್ತಲ್ಲ ಹಾಗಲ್ಲ. ಪುಡಿ ಉಪ್ಪಿನ ಹಾಗೆ ಜಾರಿ ಬೀಳುತ್ತೆ. ನಾಯಿ ಎಲ್ಲಿ ಮಲಗುತ್ತೋ, ಎಲ್ಲಿ ಮೈ ಕೊಡವುತ್ತೋ, ಎಲ್ಲಿಂದ ಕೆಳಗೆ ಹಾರುತ್ತೋ ಅಲ್ಲೆಲ್ಲ. ಅದರಿಂದ ಬರುವ ಹುಳಕ್ಕೆ ಬೆಳಕು ಆಗಲ್ಲ, ಸಂದಿಗೆ, ಬಟ್ಟೆ ಮಡಿಕೆಗೆ, ನಿಮ್ಮ ನೆಲದ ಬಿರುಕಿಗೆ ಹೋಗಿ ಸೇರಿಕೊಳ್ಳುತ್ತೆ. ಅದರ ಊಟ ಏನು ಗೊತ್ತಾ? ದೊಡ್ಡ ಚಿಗಟದ ಹಿಕ್ಕೆ, ಅಂದರೆ ಒಣಗಿದ ರಕ್ತ. ಆಮೇಲೆ ಗೂಡು ಕಟ್ಟುತ್ತೆ. ಆ ಗೂಡು ಅಂಟಂಟು, ಮೇಲೆ ಧೂಳು ಮೆತ್ತಿಕೊಂಡು ನೆಲದ ಕಸದ ಹಾಗೇ ಕಾಣುತ್ತೆ. ಯಾವ ಔಷಧಿ ಹೊಡೆದರೂ ಗೂಡಿನ ಒಳಗೆ ಸರಿಯಾಗಿ ಇಳಿಯಲ್ಲ. ಅದರಲ್ಲಿ ಚಿಗಟ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತೆ. ಹೆಜ್ಜೆ ಸದ್ದಿಗೆ ನೆಲ ಅದುರಬೇಕು, ಮೈ ಬಿಸಿ ತಾಗಬೇಕು, ಉಸಿರು ಬರಬೇಕು, ಆಗ ಗೂಡು ಒಡೆದು ಎಗರುತ್ತೆ. ನೀವು ಒಂಬತ್ತು ದಿನ ಆದ ಮೇಲೆ ಬಾಗಿಲು ತೆಗೆದಾಗ ಆಗಿದ್ದು ಅದೇ. ಅವು ಹಸಿವಿನಿಂದ ಸಾಯುತ್ತಾ ಇರಲಿಲ್ಲ, ನಿಮಗೆ ಕಾಯುತ್ತಾ ಇದ್ದವು.

ಇನ್ನು ಬೋಂಡನ ವಿಷಯ. ದಯವಿಟ್ಟು ಕಳಿಸಬೇಡಿ, ಪ್ರೀತಿಗೆ ಮಾತ್ರ ಹೇಳುತ್ತಿಲ್ಲ, ಲೆಕ್ಕಕ್ಕೆ ಹೇಳುತ್ತಿದ್ದೇನೆ. ಔಷಧಿ ಹಾಕಿದ ನಾಯಿ ಮನೆ ತುಂಬಾ ಓಡಾಡುತ್ತಿದ್ದರೆ ಗೂಡಿನಿಂದ ಹೊರಗೆ ಬಂದ ಚಿಗಟ ಅವನ ಮೇಲೆ ಹಾರುತ್ತೆ, ಮೊಟ್ಟೆ ಇಡುವಷ್ಟರಲ್ಲಿ ಸಾಯುತ್ತೆ. ಅವನೇ ನಿಮ್ಮ ಬೋನು. ಅವನನ್ನು ತೋಟಕ್ಕೆ ಬಿಟ್ಟರೆ ಚಿಗಟಕ್ಕೆ ಉಳಿಯುವುದು ನಿಮ್ಮ ಕಾಲು.

ನೀವು ತಪ್ಪಿದ್ದು ಎಲ್ಲಿ ಅಂದರೆ, ಡ್ರಾಪ್ಸ್ ಒಂದೇ ಸಲ ಹಾಕಿ ಬಿಟ್ಟಿರಿ, ಅದೂ ಒಂದೇ ಪ್ರಾಣಿಗೆ. ಫಿಪ್ರೊನಿಲ್ ಥರದ ಡ್ರಾಪ್ಸ್ ಚರ್ಮದ ಎಣ್ಣೆ ಜೊತೆ ಮೈಗೆಲ್ಲ ಹರಡಬೇಕು. ಹಾಕುವ ಎರಡು ದಿನ ಮುಂಚೆ, ಹಾಕಿದ ಎರಡು ದಿನ ಆಮೇಲೆ ಸ್ನಾನ ಮಾಡಿಸಬಾರದು. ನೀವು ವಾರ ವಾರ ಶಾಂಪೂ ಹಾಕಿ ತಿಕ್ಕಿದರೆ ಅದು ನಿಲ್ಲುವುದಾದರೂ ಹೇಗೆ? ತಿಂಗಳಿಗೊಂದು ಸಲ, ಕನಿಷ್ಠ ಮೂರು ತಿಂಗಳು, ನಾಯಿಗೂ ಬೆಕ್ಕಿಗೂ ಒಂದೇ ದಿನ. ಡೋಸು ತೂಕದ ಮೇಲೆ, ಅದನ್ನು ಡಾಕ್ಟ್ರೇ ಹೇಳಬೇಕು.

ಮಿಂಚು ಮೈಮೇಲೆ ಕಾಣಿಸಲಿಲ್ಲ ಅಂದಿರಲ್ಲ, ಬೆಕ್ಕು ದಿನವಿಡೀ ಮೈ ನೆಕ್ಕಿ ಚಿಗಟ ನುಂಗಿಬಿಡುತ್ತೆ. ಸಣ್ಣ ಹಲ್ಲಿನ ಹೇನು ಬಾಚಣಿಗೆಯಲ್ಲಿ ಅವಳ ಸೊಂಟದ ಹತ್ತಿರ ಬಾಚಿ. ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಪೇಪರ್ ಮೇಲೆ ಹಾಕಿ. ಮಣ್ಣಾದರೆ ಹಾಗೇ ಇರುತ್ತೆ. ಚಿಗಟದ ಹಿಕ್ಕೆಯಾದರೆ ಕೆಂಪಗೆ ಬಣ್ಣ ಬಿಡುತ್ತೆ.

ಒಂದು ಮಾತು ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿಕೊಳ್ಳಿ: ನಾಯಿಯ ಔಷಧಿ ಬೆಕ್ಕಿಗೆ ಹಾಕಬೇಡಿ. ಪರ್ಮೆಥ್ರಿನ್ ಇರುವ ನಾಯಿ ಡ್ರಾಪ್ಸ್ ಬೆಕ್ಕಿಗೆ ಹಾಕಿ, ಮೈಯೆಲ್ಲ ನಡುಗುತ್ತಾ ಬಂದ ಬೆಕ್ಕುಗಳನ್ನು ನಾನು ಮೇಜಿನ ಮೇಲೆ ಹಿಡಿದುಕೊಂಡಿದ್ದೇನೆ. ಬೆಕ್ಕಿನ ದೇಹಕ್ಕೆ ಅದನ್ನು ಅರಗಿಸಿ ಹೊರಗೆ ಹಾಕಲು ಬರುವುದಿಲ್ಲ.

ಮನೆಗೆ ಹೊಡೆಸುವುದಾದರೆ ಪೆಸ್ಟ್‌ನವನನ್ನು ಕೇಳಿ, ಚಿಗಟದ ಮೊಟ್ಟೆ, ಮರಿ ಬೆಳೆಯದ ಹಾಗೆ ತಡೆಯುವ ಔಷಧಿ ಇದೆಯಾ ಅಂತ. ಮೆಥೊಪ್ರೀನ್, ಪೈರಿಪ್ರಾಕ್ಸಿಫೆನ್ ಅಂತ ಹೆಸರು. ಬರೀ ಜಿರಲೆಗೆ ಹೊಡೆಯುವ ಹಾಗೆ ಗೋಡೆ ಅಂಚಿಗೆ ಹೊಡೆದು ಹೋದರೆ ದುಡ್ಡು ದಂಡ.

ಕೊನೆಯದಾಗಿ ಒಂದು ಪ್ರಶ್ನೆ. ಬೋಂಡನ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ಬೆಕ್ಕಿನ ಬಗ್ಗೆ ಒಂದೆರಡೇ ಸಾಲು. ಮಿಂಚು ಹಗಲು ಹೊತ್ತು ಎಲ್ಲಿ ಮಲಗುತ್ತಾಳೆ?


ಬೋಗಾದಿ_ಬೌಬೌ:

ಡ್ರಾಪ್ಸ್ ಕಿರಿಕಿರಿ ಬೇಡ ಅಂದರೆ ನಾಯಿಗೆ ಜಗಿಯುವ ಮಾತ್ರೆ ಇದೆ. ಅಫೊಕ್ಸೊಲಾನರ್ ಆದರೆ ತಿಂಗಳಿಗೊಂದು. ಫ್ಲುರಲಾನರ್ ಸುಮಾರು 12 ವಾರ ಕೆಲಸ ಮಾಡುತ್ತೆ. ಸ್ನಾನ ಮಾಡಿಸಿದರೂ ತೊಂದರೆ ಇಲ್ಲ. ರೇಟು ಮಾತ್ರ ಕೇಳಬೇಡಿ, ನಮ್ಮ ಲ್ಯಾಬ್ರಡಾರ್ ಮಾತ್ರೆ ದುಡ್ಡಲ್ಲಿ ಮನೆಮಂದಿ ಎಲ್ಲ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದು ಬರಬಹುದು. ಬೋಂಡನಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಡಾಕ್ಟ್ರಿಗೆ ಮೊದಲೇ ಹೇಳಿ. ಈ ಜಾತಿಯ ಮಾತ್ರೆಗಳಿಂದ ಕೆಲವು ನಾಯಿಗೆ ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ. ನಮ್ಮವನಿಗೆ ಏನೂ ಆಗಿಲ್ಲ, ಆದರೂ ಹೇಳಿದೆ.


ಚಿಕ್ಕಮಂಡ್ಯ_ಗೌಡ:

ಕಾಂಪೌಂಡರ್ ಅಣ್ಣ ಹೇಳಿದ್ದು ಸರಿ, ಆದರೆ ಎಲ್ಲಾ ಮನೆ ಒಳಗೇ ಇರುತ್ತೆ ಅಂತ ಅಂದುಕೊಳ್ಳಬೇಡಿ. ನಮ್ಮದು ತೋಟದ ಮನೆ. ನಾಯಿ ಮನೆ ಒಳಗೆ ಕಾಲಿಡುವುದೇ ಇಲ್ಲ, ಆದರೂ ಹೋದ ವರ್ಷ ಮನೆಯವರೆಲ್ಲ ಮೊಣಕಾಲು ಕೆಳಗೆ ಕೆರೆದುಕೊಂಡಿದ್ದೇ ಕೆರೆದುಕೊಂಡಿದ್ದು. ಮನೆ ಒಳಗೆ ಎರಡು ಸಲ ಔಷಧಿ ಹೊಡೆಸಿದೆ, ದಂಡ. ಕೊನೆಗೆ ನೋಡಿದರೆ ಆಡು ಕಟ್ಟುವ ಕೊಟ್ಟಿಗೆ. ಮಣ್ಣಿನ ನೆಲ, ಮೇಲೆ ಕಬ್ಬಿನ ತರಗು ಹಾಸಿದ್ದು, ಬಿಸಿಲು ಬೀಳಲ್ಲ, ಅದೇ ಮೂಲೆಯಲ್ಲಿ ರಾತ್ರಿ ನಾಯಿ ಮಲಗುತ್ತಿತ್ತು. ಆಡುಮರಿ ಹೊಟ್ಟೆ ಕೆಳಗೆ ಚಿಗಟ ಕಪ್ಪಗೆ ಮುತ್ತಿಕೊಂಡಿದ್ದವು. ಬೆಳಿಗ್ಗೆ ಹಾಲು ಕರೆಯಲು, ಕಸ ತೆಗೆಯಲು ಹೋದವರು ಪಂಚೆಯಲ್ಲಿ, ಸೀರೆಯಲ್ಲಿ ಹೊತ್ತುಕೊಂಡು ಒಳಗೆ ಬರುತ್ತಿದ್ದರು.

ತರಗೆಲ್ಲ ಎಳೆದು ಸುಟ್ಟು, ಮೇಲಿನ ಮಣ್ಣು ಒಂದು ಗೇಣು ಕೆರೆದು ತೆಗೆದು, ಮಾಡಿನ ಎರಡು ಶೀಟು ಬಿಚ್ಚಿ ಬಿಸಿಲು ಬೀಳುವ ಹಾಗೆ ಮಾಡಿದೆ. ಚಿಗಟದ ಮರಿಗೆ ತಂಪು, ತೇವ ಬೇಕು, ಒಣ ನೆಲದಲ್ಲಿ ಬದುಕಲ್ಲ. ಆಡಿಗೂ ನಾಯಿಗೂ ಡಾಕ್ಟ್ರ ಹತ್ತಿರ ಕೇಳಿ ಔಷಧಿ ಹಾಕಿದೆ. ಹೋಗಲು ಎರಡು ತಿಂಗಳು ಹಿಡಿಯಿತು.

ದನದ ಉಣ್ಣೆ ಔಷಧಿ ಕಥೆ ಒಂದು ಹೇಳಲೇಬೇಕು. ನಮ್ಮ ಪಕ್ಕದ ತೋಟದವನು ಅದನ್ನು ನೀರಿಗೂ ಬೆರೆಸದೆ ಬೆಕ್ಕಿಗೆ ಸವರಿಬಿಟ್ಟ. ರಾತ್ರಿ ಕಳೆಯುವಷ್ಟರಲ್ಲಿ ಪಾಪ ಹೋಯಿತು. ಅಣ್ಣ ಹೇಳಿದ ಫ್ರಿಜ್ ಚೀಟಿ ನಮ್ಮ ಊರಿನ ಪ್ರತಿ ಮನೆಗೂ ಬೇಕು.


ಸರಸ್ವತಿಪುರಂ_ಸೊಸೆ:

ಸಿಕ್ಕಿತು!!!

ಕಾಂಪೌಂಡರ್ ಸರ್, ನಿಮ್ಮ ಪ್ರಶ್ನೆ ಓದಿ ನಿಜ ಹೇಳಬೇಕಂದರೆ ನಾಚಿಕೆ ಆಯಿತು. ಮಿಂಚು ಹಗಲು ಎಲ್ಲಿರುತ್ತಾಳೆ ಅಂತ ನಮಗೆ ಯಾರಿಗೂ ಗೊತ್ತಿಲ್ಲ. ನಿನ್ನೆ ಮಗಳು ಪತ್ತೇದಾರಿಕೆ ಮಾಡಿದಳು. ಮೆಟ್ಟಿಲ ಕೆಳಗೆ ಗೊಂಬೆ ಪೆಟ್ಟಿಗೆ ಇದೆ, ಅತ್ತೆಯ ಅಮ್ಮನ ಕಾಲದ್ದು. ಹೋದ ವರ್ಷ ಅದರ ಚಿಲಕ ಮುರಿದಿತ್ತು, ಮುಚ್ಚಳ ಒಂದು ಕಡೆ ಎತ್ತಿಕೊಂಡಿದೆ. ಪಟ್ಟದ ಗೊಂಬೆ ಸುತ್ತಿಟ್ಟ ಹಳೇ ಕಾಟನ್ ಸೀರೆಗಳ ಮೇಲೆ ಮಹಾರಾಣಿ ಹಾಗೆ ಮಲಗಿದ್ದಳು.

ಮೇಲಿನ ಸೀರೆ ಎತ್ತಿದರೆ ಕಾಳುಮೆಣಸಿನ ಪುಡಿಗೆ ಪುಡಿ ಉಪ್ಪು ಬೆರೆಸಿ ಚೆಲ್ಲಿದ ಹಾಗಿತ್ತು. ಮಡಿಕೆ ಒಳಗೆ ಸಣ್ಣ ಸಣ್ಣ ಬಿಳಿ ಹುಳ, ಬೆಳಕು ಬಿದ್ದ ತಕ್ಷಣ ಸರಸರ ಒಳಗೆ ಹೋಗುತ್ತಿದ್ದವು. ಒದ್ದೆ ಪೇಪರ್ ಪರೀಕ್ಷೆ ಮಾಡಿದೆ, ಕುಂಕುಮ ಕದಡಿದ ಹಾಗಾಯಿತು. ಎರಡು ತಿಂಗಳು ಬೈಸಿಕೊಂಡವನು ಬೋಂಡ, ಸಾಕುತ್ತಿದ್ದವಳು ಇವಳು!

ಅತ್ತೆ ಏನೂ ಮಾತಾಡಲಿಲ್ಲ. ಸುಮ್ನೆ ಹಂಡೆಗೆ ಬೆಂಕಿ ಹಾಕಿ ಸೀರೆಗಳನ್ನು ಅವರೇ ಕುದಿಸಿದರು. ಆಮೇಲೆ ಬೋಂಡನಿಗೆ ಒಂದು ಬಿಸ್ಕೆಟ್ ಹಾಕಿದರು. ತೋಟದ ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೇನೆ.

ಈಗ ಅನುಮಾನ ಏನೆಂದರೆ, ಗೊಂಬೆಗಳನ್ನು ಏನು ಮಾಡಲಿ? ಪಟ್ಟದ ಗೊಂಬೆ ಮರದ್ದು, ಮಿಕ್ಕಿದ್ದು ಮಣ್ಣಿನವು, ಅವುಗಳ ರೇಷ್ಮೆ ಬಟ್ಟೆ ಕುದಿಸಲು ಅತ್ತೆ ಒಪ್ಪುತ್ತಿಲ್ಲ.


ಹಳೇ_ಕಾಂಪೌಂಡರ್:

ಭಲೇ, ಮಗಳಿಗೆ ಶಹಭಾಸ್ ಹೇಳಿ.

ಗೊಂಬೆಯಲ್ಲಿ ಚಿಗಟಕ್ಕೆ ಊಟ ಇಲ್ಲ, ಹೆದರಬೇಡಿ. ಒಣ ಬ್ರಷ್ ಹಾಕಿ ಸಂದಿಯಲ್ಲಿರುವ ಧೂಳು ತೆಗೆದು ಒರೆಸಿ. ರೇಷ್ಮೆಯನ್ನು ಅಂಗಳದಲ್ಲಿ ಚೆನ್ನಾಗಿ ಕೊಡವಿ, ಮೇಲೆ ತೆಳು ಬಟ್ಟೆ ಹಾಕಿ ಇಸ್ತ್ರಿ ಮಾಡಿಸಿ, ಆ ಬಿಸಿ ಸಾಕು. ಪೆಟ್ಟಿಗೆ ಖಾಲಿ ಮಾಡಿ ಬಿಸಿಲಿಗೆ ಬಾಯಿ ತೆರೆದು ಇಡಿ. ಮೆಟ್ಟಿಲ ಕೆಳಗಿನ ನೆಲ, ದಿವಾನ್ ಕೆಳಗೆ, ಬೋಂಡನ ಗೋಣಿಚೀಲದ ಸುತ್ತ ದಿನ ಬಿಟ್ಟು ದಿನ ವ್ಯಾಕ್ಯೂಮ್ ಹಾಕಿ. ಇಲ್ಲದಿದ್ದರೆ ಯಾರ ಹತ್ತಿರವಾದರೂ ಸಾಲ ತನ್ನಿ. ಪೊರಕೆಗೆ ಬಿರುಕಿನ ಒಳಗಿನದು ಬರಲ್ಲ. ವ್ಯಾಕ್ಯೂಮ್ ಅದುರಿದರೆ ಗೂಡಿನಲ್ಲಿರುವವು ಹೊರಗೂ ಬರುತ್ತವೆ, ಅದು ನಮಗೆ ಒಳ್ಳೆಯದೇ. ಒಳಗಿನ ಕಸ ಮಾತ್ರ ತಕ್ಷಣ ಕವರಿಗೆ ಕಟ್ಟಿ ಆಚೆ ಹಾಕಿ. ಬಿರುಕಿಗೆ ಪುರುಸೊತ್ತಾದಾಗ ಬಣ್ಣ ಕಲಸಿದ ವೈಟ್ ಸಿಮೆಂಟ್ ತುಂಬಿಸಿ.

ಇಬ್ಬರ ಬಾಲದ ಕೆಳಗೂ ಅಕ್ಕಿ ಕಾಳಿನ ಥರ ಏನಾದರೂ ಅಂಟಿಕೊಂಡಿದೆಯಾ ನೋಡಿ. ಚಿಗಟ ನುಂಗಿದರೆ ಲಾಡಿಹುಳು ಬರಬಹುದು. ಇದ್ದರೆ ಡಾಕ್ಟ್ರಿಗೆ ಹೇಳಿ ಜಂತುಹುಳುವಿನ ಮಾತ್ರೆ ಕೊಡಿಸಿ.

ಇನ್ನು ಲೆಕ್ಕ ಇಡಲು ಒಂದು ಉಪಾಯ. ರಾತ್ರಿ ತಟ್ಟೆಯಲ್ಲಿ ಸೋಪಿನ ನೀರು ಹಾಕಿ, ಮೇಲೆ ಟೇಬಲ್ ಲ್ಯಾಂಪ್ ಹಚ್ಚಿಡಿ. ಬೆಳಕಿಗೆ, ಬಿಸಿಗೆ ಹಾರಿ ಬಂದು ಬೀಳುತ್ತವೆ. ಇದರಿಂದ ಮನೆ ಕ್ಲೀನ್ ಆಗಲ್ಲ, ಕಡಿಮೆ ಆಗುತ್ತಿದೆಯಾ ಇಲ್ಲವಾ ಅಂತ ಗೊತ್ತಾಗುತ್ತೆ ಅಷ್ಟೆ.


ಒಂಟಿಕೊಪ್ಪಲ್_ತಾತ:

ಈ ಚಿಗಟದ ಪುರಾಣ ಓದಿ ನಮ್ಮಜ್ಜಿ ನೆನಪಾದರು. ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರಂತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಮೈಸೂರನ್ನೂ ಬಿಡಲಿಲ್ಲ. 1903ರಲ್ಲಿ ನಮ್ಮ ಊರಿಗೆ ಹೊಸ ಬಡಾವಣೆ, ಅಗಲ ರಸ್ತೆ ಮಾಡಿಸಿದ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಬಂದಿದ್ದರ ಹಿಂದೆಯೂ ಆ ಭಯ ಇತ್ತು. ಪ್ಲೇಗು ಹರಡಿದ್ದು ಇಲಿ ಚಿಗಟ, ನಿಮ್ಮ ಮನೆಯದು ನಾಯಿ ಬೆಕ್ಕಿನದು, ಹಾಗಾಗಿ ಹೆದರುವುದು ಬೇಡ. ನಮ್ಮ ಅಗಲವಾದ ರಸ್ತೆಗಳಿಗೆ ಒಂದು ಹುಳಕ್ಕೂ ಸ್ವಲ್ಪ ಥ್ಯಾಂಕ್ಸ್ ಹೇಳಬೇಕು, ಅಷ್ಟೆ ನನ್ನ ಮಾತು. ಮುಂದುವರಿಸಿ.


ಸರಸ್ವತಿಪುರಂ_ಸೊಸೆ:

ಸರ್, ಗಾಬರಿ ಆಗುತ್ತಿದೆ. ಇಬ್ಬರಿಗೂ ಒಂದೇ ದಿನ ಔಷಧಿ ಹಾಕಿದೆವು, ಮಿಂಚುಗೆ ಬೆಕ್ಕಿನದೇ. ಮೊದಲ ರಾತ್ರಿ ತಟ್ಟೆಯಲ್ಲಿ 23 ಇದ್ದವು. ಒಂದು ವಾರ ದಿನ ಬಿಟ್ಟು ದಿನ ವ್ಯಾಕ್ಯೂಮ್ ಹಾಕಿದ ಮೇಲೆ ಇವತ್ತು 31! ಇದು ಕಡಿಮೆ ಆಗುವ ಲಕ್ಷಣವಾ? ಇನ್ನೊಂದು ಸಲ ಡ್ರಾಪ್ಸ್ ಹಾಕಿಬಿಡಲಾ?


ಹಳೇ_ಕಾಂಪೌಂಡರ್:

ಖಂಡಿತ ಬೇಡ. ಡಾಕ್ಟ್ರನ್ನು ಕೇಳದೆ ತಿಂಗಳಿಗೆ ಮುಂಚೆ ಎರಡನೇ ಡೋಸು ಹಾಕಿದರೆ ನಾಯಿ ಬೆಕ್ಕಿಗೇ ತೊಂದರೆ ಆಗಬಹುದು. ಈಗ ಬರುತ್ತಿರುವವು ಹಳೇ ಗೂಡಿನವು, ಔಷಧಿ ಹಾಕುವ ಮುಂಚೆಯೇ ಮೊಟ್ಟೆ ಆಗಿ ಬಿದ್ದಿದ್ದವು. ಹೊಸ ಮೊಟ್ಟೆ ನಿಂತಿದೆ. ಇನ್ನೂ ಎರಡು ಮೂರು ವಾರ ಹೀಗೆ ಬರುತ್ತಲೇ ಇರುತ್ತವೆ. ಎಲ್ಲರೂ ಕೈಚೆಲ್ಲುವುದು, ಡಾಕ್ಟ್ರನ್ನು ಬೈಯುವುದು, ಔಷಧಿ ಬದಲಾಯಿಸುವುದು ಇದೇ ಹೊತ್ತಿನಲ್ಲಿ. ವ್ಯಾಕ್ಯೂಮ್ ನಿಲ್ಲಿಸಬೇಡಿ.


ಮದ್ದೂರ್_ವಡೆ:

ಆದರೂ ಬೇವಿನ ಹೊಗೆಗೆ ಸೊಳ್ಳೆ ಹೋಗುತ್ತಲ್ವಾ ಕಾಂಪೌಂಡರ್ ಅಣ್ಣ?


ಹಳೇ_ಕಾಂಪೌಂಡರ್:

ಸೊಳ್ಳೆ ಹೋಗುತ್ತಪ್ಪ. ನಿಮ್ಮಜ್ಜಿಗೆ ನಮಸ್ಕಾರ ಹೇಳು.


ಸರಸ್ವತಿಪುರಂ_ಸೊಸೆ:

ವಿಜಯದಶಮಿ ಮುಗಿಯಿತು, ನೆಂಟರೆಲ್ಲ ಹೊರಟರು, ಈಗ ಕೂತು ಬರೆಯುತ್ತಿದ್ದೇನೆ. ತಟ್ಟೆ ಲೆಕ್ಕ: 31 ಆದ ಮೇಲೆ 14, ಆಮೇಲೆ 9, ಗೊಂಬೆ ಕೂರಿಸುವ ದಿನ 2. ಆಯುಧಪೂಜೆ ರಾತ್ರಿಯಿಂದ ತಟ್ಟೆ ಖಾಲಿ. ಹಬ್ಬದ ಮಧ್ಯೆ ಚಿಕ್ಕಮ್ಮ ಗೊಂಬೆ ಮುಂದೆ ಕೂತು ಹಾಡು ಹೇಳುತ್ತಾ ಒಂದು ಸಲ ಕಾಲು ಕೆರೆದುಕೊಂಡರು, ನನ್ನ ಜೀವ ಬಾಯಿಗೆ ಬಂತು. ನೋಡಿದರೆ ಸೊಳ್ಳೆ. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆ ಮುಖ ನೋಡಿದೆ, ಇಬ್ಬರಿಗೂ ನಗು ತಡೆಯಲು ಆಗಲಿಲ್ಲ. ಪಾಪ ಚಿಕ್ಕಮ್ಮ ಶ್ರುತಿ ತಪ್ಪಿತೇನೋ ಅಂದುಕೊಂಡರು.

ಎರಡನೇ ಡೋಸು ಆಯಿತು. ಮೂರನೆಯದು ದೀಪಾವಳಿ ಆದ ಮೇಲೆ. ಬೋಂಡನ ಬಾಲದ ಬುಡದಲ್ಲಿ ಕೂದಲು ಬರುತ್ತಿದೆ. ಲಾಡಿಹುಳು ಮಿಂಚುಗೆ ಇತ್ತು, ಮಾತ್ರೆ ಕೊಡಿಸಿದೆವು. ಗೊಂಬೆ ಪೆಟ್ಟಿಗೆಗೆ ಹೊಸ ಚಿಲಕ ಹಾಕಿಸಿದ್ದೇವೆ. ಅವಳು ಈಗ ಮುಚ್ಚಳದ ಮೇಲೆ ಮಲಗುತ್ತಾಳೆ.